ಅಳತೆ ಪುಸ್ತಕ (ಎಂಬಿ) ಓದಬಲ್ಲ ವಕೀಲರು: ಕಾಮಗಾರಿ ವ್ಯಾಜ್ಯಗಳಿಗೆ ವೃತ್ತಿ ಸಂಘ ಯಾಕೆ ಬೇಕು

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕೆಲಸ ಹಿಡಿದ ಗುತ್ತಿಗೆದಾರನಿಗೆ ವರ್ಷದಲ್ಲಿ ಸಿಗುವುದು ಕೆಲವೇ ತಿಂಗಳು. ಮುಂಗಾರು ಬೆಳೆಗೆ ನೀರು ಬಿಟ್ಟ ಮೇಲೆ ಕಾಲುವೆಯೊಳಗೆ ಇಳಿಯುವಂತಿಲ್ಲ. ಜಲಾಶಯದಲ್ಲಿ ನೀರಿದ್ದ ವರ್ಷ ಎರಡನೇ ಬೆಳೆಗೂ ಹರಿಯುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ಭತ್ತದ ಗದ್ದೆಗಳಿಗೆ ನೀರು ನಿಂತು, ಕಾಲುವೆ ಒಣಗಿ, ಜೆಸಿಬಿ ಇಳಿಯುವ ಹೊತ್ತಿಗೆ ಬೇಸಿಗೆ ನೆತ್ತಿಗೇರಿರುತ್ತದೆ. ಆ ಎರಡು ಮೂರು ತಿಂಗಳಲ್ಲಿ ಹದಿನೈದು ದಿನ ಕೈತಪ್ಪಿದರೆ ಕೆಲಸ ಮುಂದಿನ ವರ್ಷದ ಬೇಸಿಗೆಗೇ ಹೋಗುತ್ತದೆ.

ಇಂಥ ಒಂದು ಕಾಮಗಾರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಿತರಣಾ ಕಾಲುವೆಯ ಒಂದು ಭಾಗಕ್ಕೆ ಕಾಂಕ್ರೀಟ್ ಲೈನಿಂಗ್. ನೆಲ ಎರೆಭೂಮಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಲೈನಿಂಗ್ ಎದ್ದು ಒಡೆಯುತ್ತದೆ. ಅದಕ್ಕೇ ನಡುವೆ ಉಬ್ಬದ, ಆದರೆ ಅಂಟುಗುಣವಿರುವ ಬೇರೆ ಮಣ್ಣಿನ ಪದರ ಹಾಕಿ ರೋಲರ್ ಹೊಡೆಯುತ್ತಾರೆ. ಇಂಜಿನಿಯರುಗಳ ಬಾಯಲ್ಲಿ ಅದು ಸಿಎನ್‌ಎಸ್ ಮಣ್ಣು. ಉಬ್ಬುವ ನೆಲದಲ್ಲಿ ಕಾಲುವೆ ಲೈನಿಂಗ್ ಹೇಗಿರಬೇಕೆಂದು ಹೇಳುವ ಭಾರತೀಯ ಮಾನಕ ಐಎಸ್ 9451. ಪದರ ಎಷ್ಟು ದಪ್ಪ ಬೇಕೆನ್ನುವುದು ಮಣ್ಣಿನ ಉಬ್ಬುವ ಒತ್ತಡ ಎಷ್ಟಿದೆ ಎನ್ನುವುದರ ಮೇಲೆ ನಿಲ್ಲುತ್ತದೆ.

ಈ ಮಣ್ಣು ಇಷ್ಟು ಕಿಲೋಮೀಟರ್ ಲೀಡ್‌ನಲ್ಲಿ, ಅಂದರೆ ಸಾಗಣೆ ದೂರದಲ್ಲಿ, ಸಿಗುತ್ತದೆ ಎಂದು ಎಸ್ಟಿಮೇಟ್‌ನಲ್ಲಿ ಲೆಕ್ಕ ಹಾಕಿರುತ್ತಾರೆ. ಕೆಲಸ ಶುರುವಾದ ಮೇಲೆ ಆ ಜಾಗದ ಮಣ್ಣು ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಇನ್ನೂ ದೂರದಿಂದ ತರಬೇಕು. ನೀರು ಬಿಡುವ ದಿನ ಹತ್ತಿರ ಬರುತ್ತಿದೆ. ಸೈಟಿಗೆ ಬಂದ ಅಧಿಕಾರಿ ಬಾಯಿಮಾತಿನಲ್ಲಿ ಹೂಂ ಅನ್ನುತ್ತಾರೆ, ಟಿಪ್ಪರ್‌ಗಳು ಓಡುತ್ತವೆ. ಅಷ್ಟರಲ್ಲಿ ಕಾಲುವೆಗೆ ನೀರು ಬರುತ್ತದೆ, ಅರ್ಧ ಕೆಲಸ ನೀರಿನಡಿಗೆ ಹೋಗುತ್ತದೆ. ಮುಂದಿನ ಬೇಸಿಗೆಯಲ್ಲಿ ಕೆಲಸ ಮುಗಿಸಿ ಬಿಲ್ ಕೊಟ್ಟರೆ ದೂರದ ಸಾಗಣೆಯ ಹಣ ಇಲ್ಲ, ಮೇಲಿಂದ ತಡವಾದದ್ದಕ್ಕೆ ದಂಡದ ಕಡಿತ.

ಗುತ್ತಿಗೆದಾರ ವಕೀಲರ ಕಚೇರಿಗೆ ಬಂದು ಹೇಳುವುದು ಒಂದೇ ಮಾತು: “ಸಾಹೇಬ್ರು ಮಾಡ್ರಿ ಅಂದಿದ್ರು ರೀ ವಕೀಲ್ರ, ಬಿಲ್ಲಿನಾಗ ನೋಡೋಣ ಅಂದಿದ್ರು. ಈಗ ಕಾಗದ ಎಲ್ಲಿ ಐತಿ ಅಂತಾರ.”

ಈ ಒಂದು ಮಾತಿನೊಳಗೆ ಎಷ್ಟು ಪ್ರಶ್ನೆಗಳಿವೆ ನೋಡಿ. ದೂರದ ಸಾಗಣೆ ಎಕ್ಸ್‌ಟ್ರಾ ಐಟಮ್ಮೋ, ಅಂದರೆ ಟೆಂಡರಿನಲ್ಲಿಲ್ಲದ ಹೆಚ್ಚುವರಿ ಕೆಲಸವೋ, ಅಥವಾ ಟೆಂಡರ್ ದರದಲ್ಲೇ ಸೇರಿದ್ದೋ? ಲಿಖಿತ ಆದೇಶ ಇಲ್ಲದೆ ಮಾಡಿದ ಕೆಲಸಕ್ಕೆ ಹಣ ಕೇಳಬಹುದೇ? 1872ರ ಭಾರತೀಯ ಕರಾರು ಅಧಿನಿಯಮದ 70ನೇ ಕಲಂ, ಪುಕ್ಕಟೆಯೆಂದು ಮಾಡದ ಕೆಲಸದ ಲಾಭವನ್ನು ಇನ್ನೊಬ್ಬರು ಉಂಡರೆ ಅದಕ್ಕೆ ಪರಿಹಾರ ಕೊಡಬೇಕು ಎನ್ನುತ್ತದೆ. ಆದರೆ ಆ ವಿಷಯಕ್ಕೆ ಕರಾರಿನಲ್ಲೇ ಷರತ್ತು ಇದ್ದರೆ ಈ ಕಲಂ ನೆರವಿಗೆ ಬರುವುದು ಕಷ್ಟ. ತಡ ಯಾರಿಂದ ಆಯಿತು? ದಂಡ ಕಡಿಯುವ ಹಕ್ಕು ಇಲಾಖೆಗೆ ತಾನೇ ತಾನಾಗಿ ಬರುತ್ತದೆಯೇ? ಹೋಗಬೇಕಾದ್ದು ಆರ್ಬಿಟ್ರೇಟರ್ ಹತ್ತಿರವೋ (ಕರಾರಿನ ಪ್ರಕಾರ ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವವರು) ಕೋರ್ಟಿಗೋ? ಕಾಲಮಿತಿ ಯಾವಾಗಿನಿಂದ ಓಡಲು ಶುರುವಾಯಿತು?

ಇದಕ್ಕೆಲ್ಲ ಉತ್ತರ ಕಾನೂನು ಪುಸ್ತಕದಲ್ಲಿ ಅರ್ಧ ಇದೆ. ಉಳಿದರ್ಧ ಇರುವುದು ಆದ ಕೆಲಸದ ಅಳತೆ ಬರೆದಿಡುವ ಇಲಾಖೆಯ ಅಳತೆ ಪುಸ್ತಕದಲ್ಲಿ, ಅಂದರೆ ಎಂಬಿಯಲ್ಲಿ. ಅಡಚಣೆಗಳನ್ನು ದಾಖಲಿಸುವ ಹಿಂಡ್ರೆನ್ಸ್ ರಿಜಿಸ್ಟರಿನಲ್ಲಿ. ಮಣ್ಣು ಪರೀಕ್ಷೆಯ ವರದಿಯಲ್ಲಿ. ನೀರು ಬಿಟ್ಟ ದಿನಾಂಕದ ಆದೇಶದಲ್ಲಿ. ಕಾಮಗಾರಿ ವ್ಯಾಜ್ಯ ನಡೆಸುವ ವಕೀಲರಿಗೆ ಅವರದ್ದೇ ಆದ ವೃತ್ತಿ ಸಂಘ ಬೇಕು ಎಂದು ನಾನು ಒತ್ತಿ ಹೇಳುವುದು ಈ ಉಳಿದರ್ಧಕ್ಕಾಗಿ. ಎಂಬಿ ಓದುವುದನ್ನು ಲಾ ಕಾಲೇಜು ಕಲಿಸುವುದಿಲ್ಲ. ಕೋರ್ಟಿನ ಬಾರ್ ರೂಮಿನಲ್ಲೂ ಅದು ಸಿಗುವುದಿಲ್ಲ. ಇಂಜಿನಿಯರೂ ವಕೀಲರೂ ಒಂದೇ ಬೆಂಚಿನ ಮೇಲೆ ಕೂರುವ ಜಾಗದಲ್ಲಿ ಮಾತ್ರ ಸಿಗುತ್ತದೆ.

ನಮ್ಮಲ್ಲಿ ಸಂಘಗಳಿಗೇನೂ ಬರವಿಲ್ಲ. ಪ್ರತಿ ತಾಲ್ಲೂಕಿನಲ್ಲಿ ವಕೀಲರ ಸಂಘವಿದೆ. ಅದು ಕೋರ್ಟ್ ಕಟ್ಟಡದಿಂದ ಹಿಡಿದು ಕಲ್ಯಾಣ ನಿಧಿಯವರೆಗೆ ನಮ್ಮೆಲ್ಲರ ಕಷ್ಟ ಸುಖ ನೋಡಿಕೊಳ್ಳುತ್ತದೆ, ಅದರ ಬಗ್ಗೆ ನನಗೆ ಗೌರವವಿದೆ. ಗುತ್ತಿಗೆದಾರರಿಗೆ ಅವರ ಸಂಘ, ಇಂಜಿನಿಯರುಗಳಿಗೆ ಅವರದ್ದು. ಆದರೆ ಈ ಮೂವರೂ ಭೇಟಿಯಾಗುವುದು ಜಗಳ ಹತ್ತಿದ ಮೇಲೆ, ಅದೂ ಎದುರಾಳಿಗಳಾಗಿ.

ಬೇರೆ ಕಡೆ ಇದನ್ನು ಹೇಗೆ ಮಾಡಿಕೊಂಡರು ಎಂದು ನೋಡುವುದು ಉಪಯುಕ್ತ. ಇಂಗ್ಲೆಂಡಿನಲ್ಲಿ 1983ರಲ್ಲಿ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ಶುರುವಾಯಿತು. ಹೆಸರಿನಲ್ಲಿ ಕಾನೂನು ಇದ್ದರೂ ಅದು ವಕೀಲರದ್ದೇ ಸಂಘವಲ್ಲ. ಇಂಜಿನಿಯರು, ಆರ್ಕಿಟೆಕ್ಟು, ಕೆಲಸದ ಪ್ರಮಾಣ ಮತ್ತು ವೆಚ್ಚ ಲೆಕ್ಕ ಹಾಕುವ ಕ್ವಾಂಟಿಟಿ ಸರ್ವೇಯರು ಎಲ್ಲರೂ ಸದಸ್ಯರು. 2002ರಲ್ಲಿ ಆ ಸಂಘ ಕಾಮಗಾರಿಯ ವಿಳಂಬ ಮತ್ತು ಅಡಚಣೆ ಕುರಿತು ಒಂದು ಪ್ರೊಟೋಕಾಲ್ ಹೊರತಂದಿತು. 2017ರಲ್ಲಿ ಅದರ ಎರಡನೇ ಆವೃತ್ತಿ ಬಂತು. ಅದು ಕಾನೂನಲ್ಲ, ಯಾವ ಕೋರ್ಟನ್ನೂ ಕಟ್ಟಿಹಾಕುವುದಿಲ್ಲ. ಆದರೂ ವಿಳಂಬದ ಲೆಕ್ಕ ಬಂದಲ್ಲೆಲ್ಲ ಆರ್ಬಿಟ್ರೇಟರುಗಳೂ ತಜ್ಞ ಸಾಕ್ಷಿಗಳೂ ಅದನ್ನು ಎದುರಿಗಿಟ್ಟುಕೊಂಡು ಮಾತಾಡುತ್ತಾರೆ. ಅಮೆರಿಕದಲ್ಲಿ ದಾರಿ ಬೇರೆ: 1989ರಲ್ಲಿ ಹುಟ್ಟಿದ ಅಮೆರಿಕನ್ ಕಾಲೇಜ್ ಆಫ್ ಕನ್‌ಸ್ಟ್ರಕ್ಷನ್ ಲಾಯರ್ಸ್ ಆಹ್ವಾನ ಬಂದವರಿಗೆ ಮಾತ್ರ. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಒಳಗಿರುವ ಕನ್‌ಸ್ಟ್ರಕ್ಷನ್ ಲಾ ವೇದಿಕೆಗೆ ಅಂಥ ಬಾಗಿಲಿಲ್ಲ. ಭಾರತದಲ್ಲೂ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ – ಇಂಡಿಯಾ ಇದೆ.

ಈ ಎರಡು ಮಾದರಿಗಳಲ್ಲಿ ಎಡದಂಡೆ ಕಾಲುವೆಯ ನಾಡಿಗೆ ಹೊಂದುವುದು ಮೊದಲನೆಯದು. ಆಯ್ದ ಹಿರಿಯರ ಕೂಟಕ್ಕೆ ಅದರದೇ ಘನತೆ ಇದೆ. ಆದರೆ ನಮಗೆ ಬೇಕಾದದ್ದು ಎರಡು ವರ್ಷದ ಜೂನಿಯರ್ ವಕೀಲೆಯೂ ನಿವೃತ್ತ ಎಇಇಯೂ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಒಂದೇ ಮೇಜಿನ ಮುಂದೆ ಕೂರುವ ಜಾಗ.

ಆ ಪ್ರೊಟೋಕಾಲ್‌ನ ತಿರುಳು ಕಾಲುವೆ ಉದಾಹರಣೆಗೆ ನೇರವಾಗಿ ಹೊಂದುತ್ತದೆ. ಅವಧಿ ವಿಸ್ತರಣೆಯ ಅರ್ಜಿಯನ್ನು ಕೆಲಸ ಮುಗಿಯುವ ತನಕ ಕಟ್ಟಿಟ್ಟುಕೊಂಡು ಕೂರಬಾರದು, ಅಡಚಣೆ ಬಂದಾಗಲೇ ಕೊಡಬೇಕು, ಎದುರಿನವರೂ ಆಗಲೇ ತೀರ್ಮಾನಿಸಬೇಕು ಎಂಬುದು ಅದರ ಮುಖ್ಯ ಮಾತು. ಇನ್ನೊಂದು, ಎಲ್ಲ ತಡವೂ ಒಂದೇ ಅಲ್ಲ. ಸಿಮೆಂಟ್ ಹತ್ತು ದಿನ ತಡವಾಗಿ ಬಂದರೂ ಆಗ ಮಣ್ಣಿನ ಕೆಲಸವೇ ಮುಗಿದಿರದಿದ್ದರೆ ಆ ಹತ್ತು ದಿನ ಒಟ್ಟು ಕೆಲಸವನ್ನು ತಡ ಮಾಡಲಿಲ್ಲ. ಮುಗಿಯುವ ದಿನವನ್ನೇ ಮುಂದೂಡಿದ ಅಡಚಣೆ ಯಾವುದು ಎಂದು ಹುಡುಕಬೇಕು. ಹೀಗೆ ಹುಡುಕುವುದಕ್ಕೆ ಎರಡನೇ ಆವೃತ್ತಿ ಆರು ವಿಧಾನಗಳನ್ನು ವಿವರಿಸುತ್ತದೆ. ಸರಳವಾದದ್ದೊಂದು: ಯೋಜನೆಯಲ್ಲಿದ್ದ ದಿನಾಂಕಗಳ ಪಕ್ಕದಲ್ಲಿ ನಿಜವಾಗಿ ನಡೆದ ದಿನಾಂಕಗಳನ್ನು ಇಟ್ಟು, ಸಮಯವನ್ನು ತುಂಡು ತುಂಡಾಗಿ ನೋಡಿ, ಯಾವ ತುಂಡಿನಲ್ಲಿ ಎಷ್ಟು ಹಿಂದೆ ಬಿದ್ದೆವು, ಯಾಕೆ ಎಂದು ಗುರುತಿಸುವುದು.

ನಮ್ಮ ಕಾಲುವೆಗೆ ಇದನ್ನು ಹಚ್ಚಿದರೆ ವಿಚಿತ್ರವೊಂದು ಕಾಣುತ್ತದೆ. ಮಣ್ಣು ಪರೀಕ್ಷೆಯಲ್ಲಿ ಬಿದ್ದು ಹೊಸ ಜಾಗ ಹುಡುಕಲು ಹೋದದ್ದು ಬಹುಶಃ ಮೂರು ವಾರ. ಆದರೆ ಆ ಮೂರು ವಾರ ಬಿದ್ದದ್ದು ನೀರು ಬಿಡುವ ದಿನದ ಮುಂದೆ. ಹಾಗಾಗಿ ಅದರ ಪರಿಣಾಮ ಹತ್ತು ತಿಂಗಳು. ನೀರು ಬಿಟ್ಟ ದಿನಾಂಕ ಫೈಲಿನಲ್ಲಿ ಇಲ್ಲದಿದ್ದರೆ ಯಾವ ನ್ಯಾಯಾಧೀಶರಿಗೂ ಮೂರು ವಾರ ಹತ್ತು ತಿಂಗಳಾದದ್ದು ಹೇಗೆಂದು ಕಾಣುವುದಿಲ್ಲ. ನೀರಾವರಿ ಇಲಾಖೆಯಲ್ಲಿ ಕೂದಲು ನರೆತ ಇಂಜಿನಿಯರ್ ಇದನ್ನು ಫೈಲು ತೆರೆದ ಕೂಡಲೇ ಹೇಳುತ್ತಾರೆ: “ವಕೀಲ್ರ, ಮೊದ್ಲು ನೀರು ಬಿಟ್ಟ ಆರ್ಡರ್ ತರಿಸ್ರಿ. ಆಮ್ಯಾಲೆ ಎಂಬಿಯಾಗ ಕೊನೇ ಅಳತಿ ತಾರೀಖು ನೋಡ್ರಿ.” ಕೊನೆಯ ಅಳತೆಗೂ ನೀರು ಬಿಟ್ಟ ದಿನಕ್ಕೂ ನಡುವಿನ ಅಂತರ ತಿಳಿದರೆ ಅರ್ಧ ವಾದ ಅಲ್ಲೇ ಸಿಕ್ಕಂತೆ. ಎಂಬಿ ನಮ್ಮ ಕೈಗೆ ಸಿಗುವುದಿಲ್ಲ ಎಂದು ಕೂರಬೇಕಿಲ್ಲ, ಮಾಹಿತಿ ಹಕ್ಕಿನಡಿ ನಕಲು ಕೇಳಬಹುದು. ಅದರಲ್ಲಿ ಪುಟ ಸಂಖ್ಯೆ ಸರಣಿಯಾಗಿದೆಯೇ, ತಿದ್ದಿದ ಕಡೆ ಸಹಿ ಇದೆಯೇ, ಅಳತೆ ಪರಿಶೀಲಿಸಿದವರು ಯಾವ ದಿನ ಸಹಿ ಹಾಕಿದ್ದಾರೆ ಎಂದು ನೋಡಬೇಕೆನ್ನುವುದು ಯಾವ ತೀರ್ಪಿನಲ್ಲೂ ಬರೆದಿಲ್ಲ. ಬಲ್ಲವರ ಪಕ್ಕ ಕೂತೇ ಕಲಿಯಬೇಕು.

ಇನ್ನು ಕಾನೂನಿನ ಅರ್ಧ. ಅಲ್ಲೂ ಒಬ್ಬರೇ ಕೂತು ಎಲ್ಲ ಹಿಡಿಯುವ ಕಾಲ ಇದಲ್ಲ. 1996ರ ಆರ್ಬಿಟ್ರೇಷನ್ ಅಧಿನಿಯಮಕ್ಕೆ 2015, 2019, 2021ರಲ್ಲಿ ತಿದ್ದುಪಡಿಗಳಾದವು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಾರ್ವಜನಿಕ ಸಂಸ್ಥೆಗಳು ಏಕಪಕ್ಷೀಯವಾಗಿ ಆರ್ಬಿಟ್ರೇಟರನ್ನು ನೇಮಿಸುವ ಷರತ್ತು ಸಮಾನತೆಗೆ ವಿರುದ್ಧ ಎಂದಿತು. 2025ರ ಏಪ್ರಿಲ್‌ನಲ್ಲಿ ಇನ್ನೊಂದು ಐವರ ಪೀಠ, ಅವಾರ್ಡನ್ನು, ಅಂದರೆ ಆರ್ಬಿಟ್ರೇಟರ್ ಕೊಟ್ಟ ತೀರ್ಪನ್ನು, ಮಾರ್ಪಡಿಸುವ ಅಧಿಕಾರ ಕೋರ್ಟಿಗೆ ಸೀಮಿತ ಮಟ್ಟಿಗೆ ಇದೆ ಎಂದಿತು. ಈ ನಡುವೆ 2024ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ತನ್ನ ಸಂಸ್ಥೆಗಳ ಖರೀದಿ ಕರಾರುಗಳಲ್ಲಿ 10 ಕೋಟಿ ರೂಪಾಯಿಗಿಂತ ಕಡಿಮೆಯ ವ್ಯಾಜ್ಯಗಳಿಗಷ್ಟೇ ಆರ್ಬಿಟ್ರೇಷನ್ ಇಟ್ಟುಕೊಳ್ಳುವುದು ಲೇಸು ಎಂದು ಮಾರ್ಗಸೂಚಿ ಹೊರಡಿಸಿತು. ಗಿಣಿಗೇರಾ–ರಾಯಚೂರು ರೈಲು ಮಾರ್ಗವಿರಲಿ, ಕೊಪ್ಪಳ, ಬಳ್ಳಾರಿ ಹಾದು ಹೋಗುವ 67ನೇ ರಾಷ್ಟ್ರೀಯ ಹೆದ್ದಾರಿಯಿರಲಿ, ಕೇಂದ್ರದ ಕಾಮಗಾರಿಯಲ್ಲಿ ಉಪಗುತ್ತಿಗೆ ಹಿಡಿದವರಿಗೂ ಇದರ ಬಿಸಿ ತಟ್ಟುತ್ತದೆ. ದಿನಾ ಜಾಮೀನು ಅರ್ಜಿ, ಭೂ ದಾವೆ, ಚೆಕ್ ಬೌನ್ಸ್ ನಡೆಸುವ ವಕೀಲರು ಇದನ್ನೆಲ್ಲ ಒಬ್ಬರೇ ಹಿಂಬಾಲಿಸುವುದು ಸಾಧ್ಯವಿಲ್ಲ. ಸಂಘದಲ್ಲಿ ಒಬ್ಬರು ಓದಿ ಹತ್ತು ಜನಕ್ಕೆ ಹೇಳುತ್ತಾರೆ.

ಅದಕ್ಕಿಂತ ಬೆಲೆ ಬಾಳುವುದು ಹುಡುಕಿದರೂ ಸಿಗದ ತೀರ್ಪು ಸಿಗುವುದು. ದಂಡದ ಕಡಿತದ ವಿಷಯವನ್ನೇ ತೆಗೆದುಕೊಳ್ಳಿ. ಕರಾರು ಮುರಿದವರು ಯಾರು ಎನ್ನುವುದರಲ್ಲೇ ತಕರಾರು ಇರುವಾಗ ಒಂದು ಪಕ್ಷ ತಾನೇ ತೀರ್ಪುಗಾರನಾಗಿ ನಷ್ಟ ನಿಗದಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1987ರಲ್ಲಿ, ಕರ್ನಾಟಕ ಸರ್ಕಾರಕ್ಕೂ ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್‌ಗೂ ನಡೆದ ಪ್ರಕರಣದಲ್ಲಿ. ಹೆಸರು ನೋಡಿದರೆ ಗಂಗಾವತಿಯ ಅಕ್ಕಿ ಗಿರಣಿಯವರಿಗೆ ಬೇಕಾದ ತೀರ್ಪು ಅನಿಸುತ್ತದೆ; ಕಾಲುವೆ ಗುತ್ತಿಗೆದಾರನ ಫೈಲಿಗೆ ಅದನ್ನು ಯಾರೂ ಹುಡುಕುವುದಿಲ್ಲ. ಆದರೆ ಕಾಮಗಾರಿ ವ್ಯಾಜ್ಯ ನಡೆಸುವವರು ಮೊದಲು ಎತ್ತಿಕೊಳ್ಳುವ ತೀರ್ಪುಗಳಲ್ಲಿ ಅದೊಂದು. ಅದರ ಜೊತೆಗೆ 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ತೀರ್ಪು: ಕರಾರಿನಲ್ಲಿ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ, ನಷ್ಟವೇ ಆಗಿರದಿದ್ದರೆ ಕರಾರು ಅಧಿನಿಯಮದ 74ನೇ ಕಲಂ ಅಡಿ ಪರಿಹಾರವಿಲ್ಲ, ನಷ್ಟವನ್ನು ಸಾಬೀತು ಮಾಡಲು ಸಾಧ್ಯವಿರುವ ಕಡೆ ಸಾಬೀತು ಮಾಡಲೇಬೇಕು.

ಯಾವ ಬಾಗಿಲು ತಟ್ಟಬೇಕು ಎಂಬಲ್ಲೂ ಹೀಗೇ. ಟೆಂಡರ್ ದಸ್ತಾವೇಜಿನಲ್ಲಿ ‘ಇಂಜಿನಿಯರರ ತೀರ್ಮಾನವೇ ಅಂತಿಮ’ ಎಂದಿದ್ದರೆ ಅದೇ ಆರ್ಬಿಟ್ರೇಷನ್ ಷರತ್ತು ಎಂದುಕೊಂಡು ಆರ್ಬಿಟ್ರೇಟರನ್ನು ನೇಮಿಸಿ ಎಂದು ಹೈಕೋರ್ಟಿಗೆ 11ನೇ ಕಲಂ ಅರ್ಜಿ ಹಾಕುವವರಿದ್ದಾರೆ. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಮತ್ತು ದೀಪಕ್ ಕೇಬಲ್ಸ್ ನಡುವಿನ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್, ಅಂಥ ಷರತ್ತು ಆರ್ಬಿಟ್ರೇಷನ್ ಒಪ್ಪಂದವಲ್ಲ ಎಂದು ಹೇಳಿಯಾಗಿದೆ. ಹಾಗಾದರೆ ದಾರಿ ವಾಣಿಜ್ಯ ನ್ಯಾಯಾಲಯ. 2015ರ ಕಾಯ್ದೆಯಲ್ಲಿ ನಿರ್ಮಾಣ ಮತ್ತು ಮೂಲಸೌಕರ್ಯ ಕರಾರುಗಳು, ಟೆಂಡರುಗಳೂ ಸೇರಿ, ವಾಣಿಜ್ಯ ವ್ಯಾಜ್ಯಗಳೇ. 2018ರ ತಿದ್ದುಪಡಿಯ ನಂತರ 3 ಲಕ್ಷ ರೂಪಾಯಿ ಮೇಲಿನ ವ್ಯಾಜ್ಯಗಳು ಅದರೊಳಗೆ ಬರುತ್ತವೆ. ಅಲ್ಲಿಗೆ ಹೋಗುವ ಮೊದಲು ತುರ್ತು ಪರಿಹಾರ ಕೇಳದಿದ್ದರೆ 12ಎ ಕಲಂನ ಮಧ್ಯಸ್ಥಿಕೆ ಕಡ್ಡಾಯ ಎಂದು 2022ರ ಪಾಟೀಲ್ ಆಟೋಮೇಷನ್ ತೀರ್ಪು ಹೇಳುತ್ತದೆ. ಮಾಮೂಲಿ ಸಿವಿಲ್ ದಾವೆಯಂತೆ ನೇರ ಹಾಕಿದರೆ ಅರ್ಜಿಯೇ ತಿರಸ್ಕೃತವಾಗಬಹುದು. ಬಾಗಿಲು ತಪ್ಪಾಗಿ ಕಳೆದ ಎರಡು ವರ್ಷ ಗುತ್ತಿಗೆದಾರನಿಗೆ ಬಡ್ಡಿಯ ರೂಪದಲ್ಲಿ ಬಂದು ಕೂರುತ್ತದೆ. ಅವನ ಹತ್ತಿರ ಕೂಲಿಗೆ ಬಂದವರ ಬಟವಾಡೆಗೂ ಅದೇ ಹಣ ನಂಬಿಕೆ.

ನನ್ನ ಮಟ್ಟಿಗೆ ಅತ್ಯಂತ ನೋವಿನ ವಿಷಯ ಕಾಲಮಿತಿ. ನಮ್ಮ ಕಡೆ ಗುತ್ತಿಗೆದಾರರು ಇಲಾಖೆಯ ಮೇಲೆ ಕೇಸು ಹಾಕಲು ಹಿಂಜರಿಯುತ್ತಾರೆ. ಮುಂದಿನ ಟೆಂಡರ್ ಬೇಕಲ್ಲ. ಅನುದಾನ ಬರಲಿ, ಮುಂದಿನ ಮಾರ್ಚ್‌ಗೆ ನೋಡೋಣ ಎನ್ನುವ ಮಾತು ನಂಬಿ ಕಚೇರಿಗೆ ಅಲೆಯುತ್ತಾರೆ. ಕಾಲಮಿತಿ ಕಾಯ್ದೆಯ 18ನೇ ಅನುಚ್ಛೇದದ ಪ್ರಕಾರ, ಹಣ ಕೊಡಲು ಬೇರೆ ದಿನ ಗೊತ್ತು ಮಾಡಿರದಿದ್ದರೆ, ಮಾಡಿದ ಕೆಲಸದ ಬೆಲೆ ಕೇಳಲು ಇರುವುದು ಕೆಲಸ ಆದಂದಿನಿಂದ ಮೂರು ವರ್ಷ. ಮಾತುಕತೆ ನಡೆಯುತ್ತಿತ್ತು ಎಂಬ ಒಂದೇ ಕಾರಣಕ್ಕೆ ಕಾಲಮಿತಿ ನಿಲ್ಲುವುದಿಲ್ಲ ಎಂದು ಬಿ ಅಂಡ್ ಟಿ ಎಜಿ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನ್ಯಾಯವಾದ ಹಣ, ಸಾಕ್ಷಿ ಎಲ್ಲ ಇದ್ದೂ ಮೂರು ವರ್ಷದ ಗಡಿ ದಾಟಿದ್ದಕ್ಕೇ ಕೈಬಿಟ್ಟು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇದನ್ನು ಹೇಳಬೇಕಾದವರು ನಾವು, ಹೇಳಬೇಕಾದದ್ದು ಕೇಸು ಬಂದ ಮೇಲಲ್ಲ, ಕೆಲಸ ನಡೆಯುವಾಗ. ವಕೀಲರೂ ಗುತ್ತಿಗೆದಾರರೂ ಒಟ್ಟಿಗೆ ಕೂರುವ ವೇದಿಕೆ ಇದ್ದರೆ ಈ ಒಂದು ವಿಷಯವನ್ನೇ ವರ್ಷಕ್ಕೊಮ್ಮೆ ಹೇಳಿದರೂ ಸಾಕು, ಎಷ್ಟೋ ಮನೆಗಳು ಉಳಿಯುತ್ತವೆ.

ಅವಧಿ ವಿಸ್ತರಣೆಯ ಪತ್ರದಲ್ಲೂ ಇಂಥದೇ ಒಂದು ಬಲೆ ಇದೆ. ಕರಾರು ಅಧಿನಿಯಮದ 55ನೇ ಕಲಂನ ಕೊನೆಯ ಭಾಗ ಓದಿ: ತಡವಾದ ಪಾಲನೆಯನ್ನು ಒಪ್ಪಿಕೊಂಡವರು, ಒಪ್ಪಿಕೊಳ್ಳುವಾಗಲೇ ನೋಟಿಸ್ ಕೊಟ್ಟಿರದಿದ್ದರೆ, ಆಮೇಲೆ ಆ ತಡಕ್ಕೆ ಪರಿಹಾರ ಕೇಳುವಂತಿಲ್ಲ. ಇಲಾಖೆಯಿಂದ ತಡವಾದಾಗ ಗುತ್ತಿಗೆದಾರ ಸುಮ್ಮನೆ ವಿಸ್ತರಣೆ ಪಡೆದು ಸಹಿ ಹಾಕಿದರೆ ನಷ್ಟದ ಬಾಗಿಲು ಮುಚ್ಚಿಹೋಗಬಹುದು. ವಿಸ್ತರಣೆಯ ಅರ್ಜಿಯಲ್ಲೇ ಈ ವಿಳಂಬದಿಂದಾದ ನಷ್ಟ ಕೇಳುವ ಹಕ್ಕನ್ನು ಕಾಯ್ದಿಟ್ಟುಕೊಂಡಿದ್ದೇನೆ ಎಂದು ಒಂದು ಸಾಲು ಬರೆದರೆ ಎಷ್ಟೋ ವ್ಯತ್ಯಾಸ. ಇಂಥ ಒಂದು ಸಾಲಿನ ಬೆಲೆ ಅನುಭವಿಗಳಿಗೆ ಗೊತ್ತು. ಅದನ್ನು ಎಲ್ಲರದ್ದಾಗಿಸುವುದೇ ಸಂಘದ ಕೆಲಸ.

ನಷ್ಟದ ಲೆಕ್ಕದ ಬಗ್ಗೆಯೂ ಎರಡು ಮಾತು. ಕೆಲಸ ಎಳೆದಾಡಿದಾಗ ಕಚೇರಿ ಖರ್ಚು, ಯಂತ್ರದ ಬಾಡಿಗೆ, ಕೈತಪ್ಪಿದ ಲಾಭ ಹೇಗೆ ಲೆಕ್ಕ ಹಾಕುವುದು? ಹಡ್ಸನ್, ಎಮ್ಡೆನ್, ಐಕ್ಲೇ ಎಂಬ ಸೂತ್ರಗಳಿವೆ. 2006ರ ಮ್ಯಾಕ್‌ಡರ್ಮಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವುಗಳನ್ನು ಗುರುತಿಸಿದೆ. ಸೂತ್ರ ಹಾಕಿದರೆ ಹಣ ಬರುತ್ತದೆ ಎಂದು ನಂಬಿದವರಿಗೆ 2023ರ ಯುನಿಬ್ರೋಸ್ ತೀರ್ಪು ಎಚ್ಚರಿಕೆ. ತಡದಿಂದಾಗಿ ಬೇರೆ ಕೆಲಸ ಕೈತಪ್ಪಿತು ಎಂಬುದಕ್ಕೆ ಪುರಾವೆ ಬೇಕು, ಸೂತ್ರ ಪುರಾವೆಯ ಜಾಗ ತುಂಬುವುದಿಲ್ಲ. ಆ ಪುರಾವೆ ಈಗ ಬಹುಪಾಲು ಮೊಬೈಲಿನಲ್ಲೇ ಇರುತ್ತದೆ, ಸೈಟಿನ ಫೋಟೊ, ಜೆಇ (ಜೂನಿಯರ್ ಇಂಜಿನಿಯರ್) ಕಳಿಸಿದ ವಾಟ್ಸ್ಆ್ಯಪ್ ಸಂದೇಶ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಫೋನ್ ಬದಲಾಯಿಸಿದಾಗ ಗುತ್ತಿಗೆದಾರನ ಸಾಕ್ಷಿಯೂ ಹೋಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳುವವರು ಬೇಕು.

ಸಂಘದ ಸದಸ್ಯತ್ವ ಎಂದರೆ ಬೋರ್ಡಿನ ಮೇಲೆ ಬರೆದುಕೊಳ್ಳುವ ಬಿರುದು ಎಂದುಕೊಂಡವರಿಗೆ ಒಂದು ವಿಷಯ ಗೊತ್ತಿರಲಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮದ ಪ್ರಕಾರ ವಕೀಲರ ನಾಮಫಲಕದಲ್ಲಿ ಯಾವುದೇ ಸಂಘದ ಅಧ್ಯಕ್ಷ ಅಥವಾ ಸದಸ್ಯ ಎಂದು ಹಾಕುವಂತಿಲ್ಲ. ಇಂಥದ್ದರಲ್ಲಿ ಪರಿಣತ ಎಂದೂ ಬರೆಯುವಂತಿಲ್ಲ. 2008ರ ತಿದ್ದುಪಡಿ ವೆಬ್‌ಸೈಟಿನಲ್ಲಿ ವೃತ್ತಿಯ ಕ್ಷೇತ್ರವನ್ನು ನಮೂದಿಸಲು ಅವಕಾಶ ಕೊಟ್ಟಿದೆ, ಅಷ್ಟೇ. ಈ ನಿರ್ಬಂಧ ಒಳ್ಳೆಯದೆಂದೇ ನನ್ನ ಭಾವನೆ. ಪ್ರಚಾರಕ್ಕೆ ಸೇರುವವರಿಗೆ ಸಿಗುವುದು ಏನೂ ಇಲ್ಲವಾದ್ದರಿಂದ ಉಳಿಯುವುದು ಕಲಿಯಲು ಬಂದವರು.

ಸಂಘ ಎಂದ ಮೇಲೆ ಕೆಡುಕುಗಳೂ ಇರುತ್ತವೆ. ಒಬ್ಬರಿಗೊಬ್ಬರು ಗೊತ್ತಿರುವ ಸಣ್ಣ ವಲಯದಲ್ಲಿ ಇಂದು ಪಕ್ಕದಲ್ಲಿ ಕೂತು ಚಹಾ ಕುಡಿದ ನಿವೃತ್ತ ಇಂಜಿನಿಯರ್ ನಾಳೆ ನಮ್ಮ ಪ್ರಕರಣದಲ್ಲೇ ಆರ್ಬಿಟ್ರೇಟರ್ ಆಗಿ ಕೂರಬಹುದು. ಅಂತಾರಾಷ್ಟ್ರೀಯ ಬಾರ್ ಅಸೋಸಿಯೇಷನ್ನಿನ ಮಾರ್ಗಸೂಚಿಯು ಒಂದೇ ವೃತ್ತಿ ಸಂಘದ ಸದಸ್ಯತ್ವವನ್ನು ಹಸಿರು ಪಟ್ಟಿಯಲ್ಲಿ ಇಟ್ಟಿದೆ. ಅಷ್ಟರಿಂದಲೇ ಪಕ್ಷಪಾತದ ಅನುಮಾನ ಹುಟ್ಟುವುದಿಲ್ಲ ಎಂದರ್ಥ. ಆದರೆ ಒಬ್ಬರೇ ವಕೀಲರಿಂದ ಮತ್ತೆ ಮತ್ತೆ ನೇಮಕವಾಗುವುದು, ಹಣಕಾಸಿನ ಸಂಬಂಧ ಇಂಥವು ಬೇರೆ. ನಮ್ಮ ಆರ್ಬಿಟ್ರೇಷನ್ ಕಾಯ್ದೆಯ 12ನೇ ಕಲಂ ಮತ್ತು ಐದನೇ, ಏಳನೇ ಅನುಸೂಚಿಗಳು ಇದಕ್ಕೇ ಇರುವುದು. ಸಂಘದ ಪರಿಚಯವನ್ನೂ ಮುಂಚೆಯೇ ತೆರೆದು ಹೇಳಿಬಿಡುವುದು ಕ್ಷೇಮ, ಯಾಕೆಂದರೆ ಕಷ್ಟಪಟ್ಟು ಪಡೆದ ಅವಾರ್ಡನ್ನು 34ನೇ ಕಲಂ ಅಡಿ ಪ್ರಶ್ನಿಸಲು ಎದುರಿನವರಿಗೆ ಮೂರು ತಿಂಗಳು, ಮೇಲೆ ಕಾರಣವಿದ್ದರೆ 30 ದಿನ ಇದೆ. ಅವರ ಕೈಗೆ ಅಸ್ತ್ರ ಕೊಡಬಾರದು. ಕಕ್ಷಿದಾರನ ಗುಟ್ಟೂ ಹಾಗೆಯೇ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ವಕೀಲರ ಬಾಯಿ ಕಟ್ಟುತ್ತದೆ, ಆರ್ಬಿಟ್ರೇಷನ್ ಅಧಿನಿಯಮದ 42ಎ ಕಲಂ ನಡಾವಳಿಯ ಗೋಪ್ಯತೆ ಕಾಯುತ್ತದೆ. ಚರ್ಚೆಗೆ ತರುವ ಫೈಲಿನಲ್ಲಿ ಹೆಸರು, ಕಾಮಗಾರಿ, ಮೊತ್ತ, ಊರು ಏನೂ ಗುರುತು ಸಿಗಬಾರದು.

ಇನ್ನೊಂದು ಅಪಾಯ ಸಂಘ ಒಂದು ಕಡೆಗೆ ವಾಲುವುದು. ಗುತ್ತಿಗೆದಾರರ ಪರ ವಕೀಲರೇ ಸೇರಿದರೆ ಅದು ಅಧ್ಯಯನದ ಜಾಗವಾಗಿ ಉಳಿಯುವುದಿಲ್ಲ. ಸರ್ಕಾರಿ ವಕೀಲರು, ಇಲಾಖೆಯ ಇಂಜಿನಿಯರುಗಳು ಬರಬೇಕು. ಅವರ ಕಷ್ಟವೂ ಸಣ್ಣದಲ್ಲ. ವಿಸ್ತರಣೆಗೆ ಸಹಿ ಹಾಕಿದ ಎಇಇ ಮುಂದೆ ಲೆಕ್ಕಪರಿಶೋಧನೆಯ ಆಕ್ಷೇಪಕ್ಕೆ ಉತ್ತರ ಕೊಡಬೇಕು. ಕಾಗದ ಇಲ್ಲದೆ ಹಣ ಕೊಟ್ಟರೆ ಅವರ ನೌಕರಿಗೇ ಕುತ್ತು. ಇದು ಗೊತ್ತಿದ್ದ ವಕೀಲರು ಗುತ್ತಿಗೆದಾರನಿಗೆ ಬೈಯುವ ಪತ್ರ ಬರೆಸುವುದಿಲ್ಲ. ಅಧಿಕಾರಿ ಸಹಿ ಹಾಕಲು ಬೇಕಾದ ದಾಖಲೆಗಳನ್ನು ಜೋಡಿಸಿ ಕೊಡಿಸುತ್ತಾರೆ. ಅರ್ಧ ವ್ಯಾಜ್ಯ ಅಲ್ಲೇ ಕರಗುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಸೇರಿ ಇಂಥದೊಂದು ವೇದಿಕೆ ಕಟ್ಟಿಕೊಳ್ಳುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಶಕ್ತಿನಗರ, ಯರಮರಸ್, ಕುಡಿತಿನಿಯ ಶಾಖೋತ್ಪನ್ನ ಘಟಕಗಳು, ತೋರಣಗಲ್ಲು ಮತ್ತು ಗಿಣಿಗೇರಾದ ಉಕ್ಕಿನ ಕಾರ್ಖಾನೆಗಳು, ಕಾಲುವೆಗಳ ಆಧುನೀಕರಣ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಏಳುವ ಶಾಲೆ, ರಸ್ತೆ, ಆಸ್ಪತ್ರೆಗಳು, ಎಲ್ಲವೂ ಕರಾರುಗಳೇ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲೆ ಹಳೆಯ ಕಟ್ಟಡಗಳ ದುರಸ್ತಿಯ ಮಾತು ಎಲ್ಲರ ಬಾಯಲ್ಲೂ ಬಂದಿದೆ. ದುರಸ್ತಿ ಕಾಮಗಾರಿಯಲ್ಲಿ ಒಳಗೆ ಏನಿದೆ ಎಂದು ತೆರೆದ ಮೇಲೆಯೇ ಗೊತ್ತಾಗುವುದರಿಂದ ಎಕ್ಸ್‌ಟ್ರಾ ಐಟಂ ಜಗಳಗಳೂ ಹೆಚ್ಚು. ಹೈಕೋರ್ಟಿನ ಲೆಕ್ಕದಲ್ಲಿ ರಾಯಚೂರು ಕಲಬುರಗಿ ಪೀಠಕ್ಕೆ, ಬಳ್ಳಾರಿ ಮತ್ತು ಕೊಪ್ಪಳ ಧಾರವಾಡ ಪೀಠಕ್ಕೆ ಸೇರುತ್ತವೆ. ಒಂದೇ ಕಾಲುವೆಯ ಮೇಲಿನ ಎರಡು ತುಂಡು ಕೆಲಸದ ವ್ಯಾಜ್ಯ ಎರಡು ಪೀಠಗಳ ಮುಂದೆ ಹೋಗಬಹುದು. ಅಲ್ಲಿ ಏನಾಯಿತು ಎಂದು ಇಲ್ಲಿನವರಿಗೆ ತಿಳಿಯಬೇಕಲ್ಲ.

ರಾಷ್ಟ್ರಮಟ್ಟದ ಸಂಘದ ಸದಸ್ಯತ್ವ ಪಡೆಯುವುದು ಒಂದು ದಾರಿ. ಉಪನ್ಯಾಸಗಳನ್ನು ಈಗ ಮನೆಯಿಂದಲೇ ಕೇಳಬಹುದು, ಪ್ರಬಂಧಗಳನ್ನು ಓದಬಹುದು, ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿಲ್ಲ. ಆದರೆ ಅಲ್ಲಿನ ಚರ್ಚೆ ಬಹುಪಾಲು ಮೆಟ್ರೊ, ವಿಮಾನ ನಿಲ್ದಾಣ, ಸಾವಿರ ಕೋಟಿಯ ಯೋಜನೆಗಳ ಸುತ್ತ, ಇಂಗ್ಲಿಷಿನಲ್ಲಿ. ಎಂಬಿಯಲ್ಲಿ ಕನ್ನಡದಲ್ಲಿ ಬರೆದ ಟಿಪ್ಪಣಿ, ಎರೆಮಣ್ಣು, ನೀರು ನಿಲ್ಲಿಸುವ ಅವಧಿ, ಇಲಾಖೆಯ ದರಪಟ್ಟಿಯ ಎಸ್‌ಆರ್ ದರ, ರಾಜ್ಯದ ಕೆಡಬ್ಲ್ಯು ಸರಣಿಯ ಮಾದರಿ ಟೆಂಡರ್ ದಸ್ತಾವೇಜು, 1999ರ ಪಾರದರ್ಶಕ ಖರೀದಿ ಕಾಯ್ದೆ, ಇದನ್ನೆಲ್ಲ ನಾವೇ ಕೂತು ಮಾಡಿಕೊಳ್ಳಬೇಕು. ಹೊರಗಿನ ಸಂಘದಿಂದ ಕ್ರಮ ಕಲಿತು ಊರಿನ ಗುಂಪಿನಲ್ಲಿ ಬಳಸುವುದೇ ನನಗೆ ಕಾಣುವ ಒಳ್ಳೆಯ ಹಾದಿ.

ಮೊದಲ ಸಭೆಗೆ ದೊಡ್ಡ ಸಭಾಂಗಣ, ಉದ್ಘಾಟನೆ, ಹಾರ ತುರಾಯಿ ಏನೂ ಬೇಡ. ಎಂಟು ಹತ್ತು ಜನ ಸಾಕು: ನಾಲ್ಕೈದು ವಕೀಲರು, ಒಬ್ಬ ನಿವೃತ್ತ ಎಇಇ, ಒಬ್ಬ ಬಿಲ್ಲಿಂಗ್ ಇಂಜಿನಿಯರ್, ಒಬ್ಬ ಲೆಕ್ಕ ಪರಿಶೋಧಕರು, ಒಬ್ಬಿಬ್ಬರು ಗುತ್ತಿಗೆದಾರರು. ಹೆಸರು ಅಳಿಸಿದ ಒಂದು ಎಂಬಿಯ ನಕಲು, ಅದೇ ಕೆಲಸದ ಟೆಂಡರಿನ ಎಕ್ಸ್‌ಟ್ರಾ ಐಟಂ ಷರತ್ತಿನ ಒಂದು ಪುಟ. ವಕೀಲರು ಷರತ್ತು ಓದಿ ಅರ್ಥ ಹೇಳಲಿ, ಇಂಜಿನಿಯರ್ ಅದೇ ಷರತ್ತು ಸೈಟಿನಲ್ಲಿ ಹೇಗೆ ನಡೆಯುತ್ತದೆ ಎಂದು ಹೇಳಲಿ, ಎರಡರ ನಡುವಿನ ವ್ಯತ್ಯಾಸವನ್ನು ಜೂನಿಯರ್ ಒಬ್ಬರು ಕನ್ನಡದಲ್ಲಿ ಒಂದು ಪುಟಕ್ಕೆ ಬರೆದು ಎಲ್ಲರಿಗೂ ಹಂಚಲಿ. ದಿನಾಂಕ ಗೊತ್ತು ಮಾಡುವಾಗ ಕಾಲುವೆಗೆ ನೀರು ಬಿಟ್ಟ ಮೇಲಿನ ತಿಂಗಳು ನೋಡಿಕೊಳ್ಳಿ. ಬೇಸಿಗೆಯಲ್ಲಿ ಗುತ್ತಿಗೆದಾರರಾಗಲಿ ಇಂಜಿನಿಯರುಗಳಾಗಲಿ ಸೈಟ್ ಬಿಟ್ಟು ಬರುವುದಿಲ್ಲ.